ಗರಂ ಆದ ಗಾಡಿ

ನಮ್ಮ ವಿಜಯಪುರದ ಕಡೆ ಬೇಸಿಗೆ ಬಂತೆಂದರೆ ಕಿವಿಗೆ ಬೀಳುವ ಮಾತುಗಳಲ್ಲಿ ‘ಗಾಡಿ ಗರಂ ಆಗೈತಿ’ ಎಂಬುದೂ ಒಂದು. ಈ ಮಾತು ಆಡಿದವರು ಬಾನೆಟ್ ಎತ್ತಿಟ್ಟು, ಬೇವಿನ ಗಿಡದ ನೆರಳಿಗೆ ಹೋಗಿ ಬೀಡಿ ಹಚ್ಚುತ್ತಾರೆ. ಕೇಳಿದವರು ಸುಮ್ಮನಾಗುತ್ತಾರೆ. ಕೇಳಿದವರು ಹೆಣ್ಣುಮಕ್ಕಳಾಗಿದ್ದರಂತೂ ಮುಂದಿನ ಪ್ರಶ್ನೆಯೇ ಇಲ್ಲ. ಗಾಡಿಗೆ ಸಿಟ್ಟು ಬಂದಿದೆ, ಇಳಿಯುವ ತನಕ ಕಾಯಬೇಕು, ಅಷ್ಟೇ. ಮನೆಯ ಗಂಡಸರ ಸಿಟ್ಟಿಗೆ ಕಾಯ್ದು ರೂಢಿಯಿರುವ ನಮಗೆ ಗಾಡಿಯ ಸಿಟ್ಟೇನು ದೊಡ್ಡದಲ್ಲ ಬಿಡಿ!

ಆದರೆ ಕೂಸಿಗೆ ಜ್ವರ ಬಂದಾಗ ದವಾಖಾನೆಗೆ ಒಯ್ದರೆ, ವೈದ್ಯರು ‘ಮೈ ಬಿಸಿಯಾಗಿದೆ’ ಎಂದಷ್ಟೇ ಹೇಳಿ ಕಳಿಸಿದರೆ ನಾವು ಒಪ್ಪುತ್ತೇವೆಯೇ? ಮೈ ಬಿಸಿಯಾಗಿರುವುದು ನಮಗೂ ಗೊತ್ತು. ಯಾಕೆ ಎಂಬುದು ಬೇಕು. ಗರಂ ಆಗುವುದು ಲಕ್ಷಣ, ರೋಗವಲ್ಲ. ಈ ಒಂದು ಲಕ್ಷಣದ ಹಿಂದೆ ನೂರಕ್ಕೂ ಹೆಚ್ಚು ವರ್ಷಗಳ ಇತಿಹಾಸವಿದೆ, ಅದರಲ್ಲಿ ಹೆಂಗಸರ ಪಾಲೂ ಇದೆ. ಅದನ್ನೇ ನಾಲ್ಕು ಮಾತಿನಲ್ಲಿ ಹೇಳಬೇಕೆಂದಿದ್ದೇನೆ.

ತೊಂದರೆಯ ಸ್ವರೂಪ ಹೀಗೆ. ಮುಂಜಾನೆ ಕಾರು ಒಂದೇ ಕೀಲಿಗೆ ಚಾಲೂ ಆಗುತ್ತದೆ. ಬಬಲೇಶ್ವರದಿಂದ ವಿಜಯಪುರದ ತನಕ ಒಂದು ಕೆಮ್ಮೂ ಇಲ್ಲದೆ ಓಡುತ್ತದೆ. ಬಜಾರದಲ್ಲಿ ಹತ್ತು ನಿಮಿಷ ನಿಲ್ಲಿಸಿ, ಮೆಂತ್ಯೆ-ಸಬ್ಬಸಿಗೆ ಕೊಂಡು ಬಂದು ಕೀಲಿ ತಿರುವಿದರೆ ಹೊಡೆದುಕೊಳ್ಳುತ್ತದೆಯೇ ಹೊರತು ಚಾಲೂ ಆಗುವುದಿಲ್ಲ. ಒಂದು ತಾಸು ಬಿಟ್ಟು ತಿರುವಿ ನೋಡಿ, ಏನೂ ಆಗಿಯೇ ಇಲ್ಲವೆಂಬಂತೆ ಹೊರಡುತ್ತದೆ. ಓಡುವಾಗ ಆಗದ ತ್ರಾಸು ನಿಂತಾಗ ಯಾಕೆ?

ಇದರ ಉತ್ತರ ನಮ್ಮ ಅಡಿಗೆಮನೆಯಲ್ಲಿಯೇ ಇದೆ. ದಪ್ಪ ತಳದ ಪಾತ್ರೆಯಲ್ಲಿ ಹಾಲು ಕಾಯಿಸಿ, ಒಲೆ ಆರಿಸಿ ಹೊರಳಿದ ಮೇಲೂ ಹಾಲು ಉಕ್ಕಿ ಕಟ್ಟೆಯ ಮೇಲೆ ಹರಿದದ್ದನ್ನು ನಾವೆಲ್ಲ ಕಂಡಿದ್ದೇವೆ. ಒಲೆ ಆರಿದರೂ ತಳದ ಬಿಸಿ ಆರಿರುವುದಿಲ್ಲ. ಕಾರಿನದೂ ಅದೇ ಕತೆ. ಓಡುವಾಗ ರೇಡಿಯೇಟರಿನ ನೀರು ತಿರುಗುತ್ತಿರುತ್ತದೆ, ಎದುರು ಗಾಳಿ ಬಡಿಯುತ್ತಿರುತ್ತದೆ, ತಣ್ಣನೆಯ ಪೆಟ್ರೋಲು ಹರಿದು ಬರುತ್ತಿರುತ್ತದೆ. ಇಂಜಿನ್ ನಿಲ್ಲಿಸಿದೊಡನೆ ಈ ಮೂರೂ ನಿಲ್ಲುತ್ತವೆ. ಕಾದ ಕಬ್ಬಿಣದ ಶಾಖ ಮಾತ್ರ ಸುತ್ತಲಿನ ಸಾಮಾನುಗಳಿಗೆ ಏರತೊಡಗುತ್ತದೆ. ಹೀಗಾಗಿ ಬಾನೆಟ್ಟಿನ ಒಳಗೆ ಅತಿ ಹೆಚ್ಚು ಬಿಸಿ ಇರುವುದು ಗಾಡಿ ಓಡುವಾಗ ಅಲ್ಲ, ನಿಂತ ಮೇಲಿನ ಹತ್ತಿಪ್ಪತ್ತು ನಿಮಿಷಗಳಲ್ಲಿ.

ಪೆಟ್ರೋಲೆಂಬುದು ನೀರಿನಂತೆ ಒಂದೇ ಮಟ್ಟಕ್ಕೆ ಕುದಿಯುವ ವಸ್ತುವಲ್ಲ. ಹಲವು ಎಣ್ಣೆಗಳ ಕೂಟ ಅದು. ಅದರಲ್ಲಿಯ ತೀರ ಹಗುರ ಅಂಶಗಳು ನಮ್ಮ ಮೈಬಿಸಿಯ ಆಸುಪಾಸಿನಲ್ಲಿಯೇ ಕುದಿಯತೊಡಗುತ್ತವೆ. ಮೇ ತಿಂಗಳಿನಲ್ಲಿ ನಮ್ಮೂರಿನ ನೆರಳೇ 40 ಡಿಗ್ರಿ ದಾಟುವಾಗ, ಕಾದ ಇಂಜಿನ್ನಿನ ಮಗ್ಗುಲಲ್ಲಿ ಪೆಟ್ರೋಲಿನ ಗತಿ ಏನಾಗಬೇಕು?

ಕಾರಿನ ಚರಿತ್ರೆಯ ಮೊದಲ ದೂರಪ್ರಯಾಣವನ್ನು ಮಾಡಿದವಳು ಒಬ್ಬ ಗೃಹಿಣಿ. 1888ರ ಆಗಸ್ಟ್‌ನಲ್ಲಿ ಬರ್ತಾ ಬೆಂಜ್ ಎಂಬಾಕೆ, ಗಂಡ ಕಾರ್ಲ್ ಬೆಂಜ್ ಕಟ್ಟಿದ್ದ ಮೂರು ಗಾಲಿಯ ಗಾಡಿಯನ್ನು ಅವನಿಗೆ ಹೇಳದೆ ಕೇಳದೆ ಹೊರಡಿಸಿದಳು. ಇಬ್ಬರು ಹುಡುಗರನ್ನು ಕಟ್ಟಿಕೊಂಡು ಜರ್ಮನಿಯ ಮಾನ್‌ಹೈಮ್ ಊರಿನಿಂದ ಪೋರ್ಟ್ಸ್‌ಹೈಮ್‌ನಲ್ಲಿದ್ದ ತವರಿಗೆ ನೂರು ಕಿಲೋಮೀಟರಿಗೂ ಮಿಕ್ಕ ಹಾದಿ ನಡೆಸಿದಳು. ತವರಿಗೆ ಹೋಗುವ ಹೆಣ್ಣಿನ ಹುರುಪು ಎಲ್ಲ ದೇಶದಲ್ಲೂ ಒಂದೇ ನೋಡಿ! ಪೆಟ್ರೋಲ್ ಬಂಕು ಎಂಬುದು ಹುಟ್ಟಿರಲಿಲ್ಲ. ಕಲೆ ತೆಗೆಯಲು ಔಷಧಿ ಅಂಗಡಿಯಲ್ಲಿ ಮಾರುತ್ತಿದ್ದ ಲಿಗ್ರೋಯಿನ್ ಎಂಬ ಎಣ್ಣೆಯನ್ನೇ ವೀಸ್‌ಲೋಹ್ ಊರಿನಲ್ಲಿ ಕೊಂಡು ತುಂಬಿಸಿದಳು. ಎಣ್ಣೆಯ ನಳಿಗೆ ಕಸ ಕಟ್ಟಿಕೊಂಡಾಗ ಟೋಪಿಗೆ ಚುಚ್ಚುವ ಉದ್ದ ಪಿನ್ನಿನಿಂದ ಬಿಡಿಸಿದಳು. ಕಿಡಿಯ ತಂತಿಯ ಹೊದಿಕೆ ಸವೆದಾಗ ಕಾಲುಚೀಲ ಜಾರದಂತೆ ಕಟ್ಟುವ ತನ್ನ ಪಟ್ಟಿಯನ್ನೇ ಅದಕ್ಕೆ ಸುತ್ತಿದಳು. ಆ ಗಾಡಿಗೆ ಈಗಿನ ತರಹದ ರೇಡಿಯೇಟರ್ ಇರಲಿಲ್ಲ. ನೀರು ಕುದ್ದು ಆವಿಯಾಗುತ್ತಿದ್ದಂತೆ ದಾರಿಯುದ್ದಕ್ಕೂ ಮತ್ತೆ ಮತ್ತೆ ಸುರಿಯಬೇಕಾಗುತ್ತಿತ್ತು.

ಗಮನಿಸಿ, ಎಣ್ಣೆ, ಕಿಡಿ, ತಂಪು ಎಂಬ ಮೂರು ಸಮಸ್ಯೆಗಳೂ ಆ ಒಂದೇ ಪಯಣದಲ್ಲಿ ಬಂದವು. ಗರಂ ಆದ ಗಾಡಿಯ ರೋಗ ಹುಡುಕುವವರು ಇಂದಿಗೂ ಈ ಮೂರರ ಸುತ್ತಲೇ ತಿರುಗುತ್ತಾರೆ. ನಾಲ್ಕನೆಯದು ಮುಂದೆ ಸೇರಿಕೊಂಡಿತು. ಮೊದಲು ಕೈಯಿಂದ ಹ್ಯಾಂಡಲ್ ತಿರುವಿಯೇ ಕಾರು ಚಾಲೂ ಮಾಡಬೇಕಿತ್ತು. ತಪ್ಪಿ ಎದುರು ತಿರುಗಿದರೆ ಮುಂಗೈ ಮುರಿಯುತ್ತಿತ್ತು. ಅಮೆರಿಕೆಯ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರಲ್ಲಿ ಕ್ಯಾಡಿಲಾಕ್ ಕಾರುಗಳಲ್ಲಿ ಬಂದ ಮೇಲೆ ಹ್ಯಾಂಡಲಿನ ಕಾಲ ಮುಗಿಯತೊಡಗಿತು. ನಮ್ಮ ಮಿಸ್ತ್ರಿಗಳು ‘ಸೆಲ್ಫ್’ ಎನ್ನುವುದು ಇದಕ್ಕೇ. ತೋಳಬಲದ ಮಾತು ಮುಗಿದು ಹೆಂಗಸರಿಗೆ ಸ್ಟಿಯರಿಂಗ್ ದಕ್ಕಲು ಇದು ಬಹಳ ನೆರವಾಯಿತು. ಜೊತೆಗೆ, ಗರಂ ಆದಾಗ ಕೈಕೊಡಬಲ್ಲ ಹೊಸ ಸಾಮಾನೂ ಒಂದು ಸೇರಿತು.

ನಮ್ಮ ದೇಶಕ್ಕೆ ಬಂದರೆ, ಈ ಕತೆಯ ಒಂದು ಎಳೆ ನಮ್ಮ ನೆರೆಯೂರಿಗೇ ಸೇರಿದೆ. 1944ರಲ್ಲಿ ಮುಂಬಯಿಯ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪನಿ ಕಟ್ಟಿದ ವಾಲ್‌ಚಂದ್ ಹೀರಾಚಂದರು ಹುಟ್ಟಿದ್ದು 1882ರಲ್ಲಿ, ಸೊಲ್ಲಾಪುರದಲ್ಲಿ. ವಿಜಯಪುರದವರು ಸೀರೆಗೆ, ಚಾದರಕ್ಕೆ ಹೋಗಿಬರುವ ಊರದು. ಇಟಲಿಯ ಫಿಯಟ್ ಮಾದರಿಯನ್ನು ಇಲ್ಲಿ ತಯಾರಿಸಿದ ಆ ಕಂಪನಿ 1970ರ ದಶಕದಲ್ಲಿ ಅದಕ್ಕೆ ಚಿತ್ತೋಡದ ರಾಣಿಯ ಹೆಸರಿಟ್ಟು ‘ಪದ್ಮಿನಿ’ ಎಂದು ಕರೆಯಿತು. ಅತ್ತ ಕಲಕತ್ತೆಯ ಬಳಿಯ ಉತ್ತರಪಾಡದಲ್ಲಿ ತಯಾರಾದ ಅಂಬಾಸಡರ್ 2014ರ ತನಕ ಬಾಳಿತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಆ ಕಾಲದ ಈ ಪೆಟ್ರೋಲ್ ಕಾರುಗಳಲ್ಲೆಲ್ಲ ಒಂದು ಸಂಗತಿ ಸಮಾನ. ಪೆಟ್ರೋಲನ್ನು ಹಿಂದಿನ ಟ್ಯಾಂಕಿನಿಂದ ಜಗ್ಗಿ ತರುವ ಪಂಪು ಇರುತ್ತಿದ್ದದ್ದು ಮುಂದೆ, ಕಾದ ಇಂಜಿನ್ನಿಗೆ ಅಂಟಿಕೊಂಡು. ಮಿಸ್ತ್ರಿಗಳ ಬಾಯಲ್ಲಿ ಅದು ‘ಎ.ಸಿ. ಪಂಪು’. ಹೆಸರಿಗೆ ಎ.ಸಿ., ಇರುವುದು ಕೆಂಡದ ಮಗ್ಗುಲಿಗೆ! ಅಲ್ಲಿಂದ ಪೆಟ್ರೋಲು ಕಾರ್ಬೊರೇಟರಿನ ಪುಟ್ಟ ಬಟ್ಟಲಿಗೆ ಹೋಗಬೇಕು. ಪಂಪಿನಲ್ಲೋ ನಳಿಗೆಯಲ್ಲೋ ಪೆಟ್ರೋಲು ಕುದ್ದು ಆವಿಯಾಯಿತೆನ್ನಿ, ದ್ರವ ಜಗ್ಗಲು ಮಾಡಿದ ಪಂಪು ಆವಿಯನ್ನು ಜಗ್ಗಲಾರದು. ಬರೇ ಹವೆಯನ್ನು ಹಿಚುಕುತ್ತ ಕೂಡುತ್ತದೆ. ಇದಕ್ಕೇ ವೇಪರ್ ಲಾಕ್ ಎನ್ನುತ್ತಾರೆ.

ಇದನ್ನು ನಾನು ಅರಿತದ್ದು ಪುಸ್ತಕದಿಂದಲ್ಲ. 1990ರ ದಶಕದ ನಡುವಿನ ಒಂದು ಮೇ ತಿಂಗಳು. ಟಿಕೋಟಾದಲ್ಲಿದ್ದ ನನ್ನ ನಾದಿನಿಯ ಮೂರು ವರ್ಷದ ಮಗನಿಗೆ ರಾತ್ರಿಯಿಂದ ವಾಂತಿ-ಭೇದಿ, ಮೇಲೆ ಜ್ವರ. ಮನೆಯ ಹಳೆಯ ಕಾರಿನಲ್ಲಿ ಅವನನ್ನು ಮಲಗಿಸಿಕೊಂಡು ವಿಜಯಪುರದ ದವಾಖಾನೆಗೆ ಹೊರಟಿದ್ದೆವು. 20 ಕಿಲೋಮೀಟರಿನ ಹಾದಿ. ಕುಡಿಸುತ್ತಿದ್ದ ಉಪ್ಪು-ಸಕ್ಕರೆಯ ನೀರು ತೀರಿತೆಂದು ತೊರವಿಯಲ್ಲಿ ನಿಲ್ಲಿಸಿ ನೀರು ತುಂಬಿಸಿಕೊಂಡೆವು. ಅಷ್ಟರಲ್ಲಿ ಗಾಡಿ ಗರಂ ಆಗಿತ್ತು. ಕಾಕಾ ಚೋಕ್ ಎಳೆದರು, ಸೆಲ್ಫ್ ಹೊಡೆದರು, ಮತ್ತೆ ಹೊಡೆದರು. ಬ್ಯಾಟರಿಯ ದನಿ ಕುಗ್ಗುತ್ತ ಬಂತು. ಕೂಸು ಅಳುವುದನ್ನೂ ಬಿಟ್ಟಿತ್ತು. ಆ ಮೌನಕ್ಕೆ ನಾದಿನಿಯ ಮೋರೆ ಬಿಳಚಿಕೊಂಡಿತು.

ಎದುರಿನ ಸೈಕಲ್ ಅಂಗಡಿಯ ಮುದುಕ ಎದ್ದು ಬಂದ. ಬಾನೆಟ್ಟಿನೊಳಗೆ ಬಗ್ಗಿ ಮೂಸಿ ನೋಡಿದ. “ಪೆಟ್ರೋಲ್ ವಾಸನಿ ಇಲ್ರೀ. ಪಂಪಿನ್ಯಾಗ ಗ್ಯಾಸ್ ಆಗೈತಿ. ಸೆಲ್ಫ್ ಹೊಡೀಬ್ಯಾಡ್ರಿ ಕಾಕಾ” ಎಂದ. ಆಮೇಲೆ ನಾದಿನಿಯ ಕಡೆ ತಿರುಗಿ, ಕೂಸಿನ ಹಣೆಯ ಮೇಲಿದ್ದ ಒದ್ದೆ ಬಟ್ಟೆ ತೋರಿಸಿ, “ಅದರಾಗಿಂದ ಅರ್ಧಾ ಅರಿವಿ ಹರಿದ ಕೊಡ ತಂಗಿ. ಇದಕ್ಕೂ ಜ್ವರ ಬಂದೈತಿ” ಎಂದ. ಅವಳು ಸರಕ್ಕನೆ ಹರಿದು ಕೊಟ್ಟಳು. ಅದನ್ನು ನೀರಿನಲ್ಲಿ ಅದ್ದಿ ಪಂಪಿಗೆ ಸುತ್ತಿದ. ಒಣಗಿದಂತೆ ಮತ್ತೆ ಮತ್ತೆ ತೋಯಿಸಿದ. ಹತ್ತು ನಿಮಿಷದ ಮೇಲೆ ನಾಲ್ಕು ಮಂದಿ ಸೇರಿ ದಬ್ಬಿದರು. ಕಾರು ಚಾಲೂ ಆಯಿತು. ದವಾಖಾನೆಯಲ್ಲಿ ಸಲಾಯಿನ್ ಹಚ್ಚಿದರು. ಆ ಹುಡುಗನಿಗೆ ಈಗ ಇಬ್ಬರು ಮಕ್ಕಳು.

ಆ ಮುದುಕನ ಕೈಚಳಕಕ್ಕಿಂತ ಅವನು ಮೂಗಿನಿಂದ ಮೊದಲು ಪರೀಕ್ಷಿಸಿದ ರೀತಿ ನನ್ನ ಮನಸ್ಸಿನಲ್ಲಿ ನಿಂತಿತು. ಮುಂದೆ ಕಾರು ನಡೆಸಲು ಕಲಿತಾಗ ಕಂಡಕಂಡ ಮಿಸ್ತ್ರಿಗಳನ್ನು ಕೇಳಿ ಕೇಳಿ ನಾನು ಅರಿತುಕೊಂಡ ಕ್ರಮ ಹೀಗಿದೆ.

ಮೊದಲು ಕಿವಿ. ಕೀಲಿ ತಿರುವಿದಾಗ ಇಂಜಿನ್ ಮುಂಜಾನೆಯಷ್ಟೇ ಚುರುಕಾಗಿ ತಿರುಗುತ್ತದೆಯೇ, ಇಲ್ಲಾ ಒರಲುತ್ತ ನಿಧಾನವಾಗಿ ತಿರುಗುತ್ತದೆಯೇ? ನಿಧಾನವಾದರೆ ತಪ್ಪು ಪೆಟ್ರೋಲಿನದಲ್ಲ. ಬ್ಯಾಟರಿ, ಅದರ ಸಡಿಲಾದ ತಂತಿ, ಇಲ್ಲವೆ ಶಾಖಕ್ಕೆ ಬಿಗಿದುಕೊಂಡ ಸೆಲ್ಫ್ ನೋಡಬೇಕು. ಚುರುಕಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಎಣ್ಣೆಯದೋ ಕಿಡಿಯದೋ ದೋಷ.

ಆಮೇಲೆ ಮೂಗು. ಪೆಟ್ರೋಲಿನ ವಾಸನೆ ಗಪ್ಪನೆ ಹೊಡೆದರೆ ಕಾರ್ಬೊರೇಟರಿನ ಬಟ್ಟಲಿನಲ್ಲಿ ಪೆಟ್ರೋಲು ಕುದ್ದು ಇಂಜಿನ್ನಿನೊಳಗೆ ಚೆಲ್ಲಿದೆ ಎಂದರ್ಥ. ಮಿಸ್ತ್ರಿಗಳು ಇದಕ್ಕೆ ‘ಓವರ್ ಆಗೈತಿ’ ಎನ್ನುತ್ತಾರೆ. ಇದು ವೇಪರ್ ಲಾಕಿನ ತದ್ವಿರುದ್ಧ. ಅಲ್ಲಿ ಹಸಿವು, ಇಲ್ಲಿ ಅಜೀರ್ಣ. ಇಂಥಲ್ಲಿ ಚೋಕ್ ಎಳೆದರೆ ಅಜೀರ್ಣವಾದವನಿಗೆ ಹೋಳಿಗೆ ಬಡಿಸಿದಂತೆ. ಎಕ್ಸಲರೇಟರನ್ನು ಪೂರ್ತಿ ಒತ್ತಿ ಹಿಡಿದು, ಮೇಲೆ ಕೆಳಗೆ ಮಾಡದೆ, ಸೆಲ್ಫ್ ಹೊಡೆದರೆ ಹೆಚ್ಚಾದ ಆವಿಯನ್ನು ಗಾಳಿ ಒಯ್ಯುತ್ತದೆ. ವಾಸನೆಯೇ ಇಲ್ಲದಿದ್ದರೆ ಪಂಪಿಗೆ ಒದ್ದೆ ಬಟ್ಟೆ. ಆದರೆ ತಂತಿಗಳ ಮೇಲೆ, ಕೆಂಪಗೆ ಕಾದ ಹೊಗೆಕೊಳವೆಯ ಮೇಲೆ ನೀರು ಬೀಳಬಾರದು. ಬಿಸಿ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಚ್ಚಲೇಬಾರದು. ಬಾನೆಟ್ ತೆರೆದಲ್ಲಿ ಬೀಡಿಯಂತೂ ಸರ್ವಥಾ ಕೂಡದು.

ಈ ಎರಡೂ ಅಲ್ಲವಾದರೆ ಕಿಡಿ. ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲ್ ಎಂಬ ಡಬ್ಬಿಯ ಒಳಗಿನ ತಂತಿಸುತ್ತು ಬಿಸಿಗೆ ಸೋತು, ತಣ್ಣಗಾದ ಮೇಲೆ ಮತ್ತೆ ಸರಿಯಾಗುವುದುಂಟು. ಗ್ಯಾರೇಜಿಗೆ ಒಯ್ಯುವಷ್ಟರಲ್ಲಿ ಗುಣವಾಗಿರುವ ಈ ರೋಗ ಮಿಸ್ತ್ರಿಯ ಕಣ್ಣಿಗೆ ಬೀಳುವುದಿಲ್ಲ. ಬಿಸಿಯಿದ್ದಾಗಲೇ ನೋಡಬೇಕು.

ಅಮೆರಿಕೆಯ ಹಳೆಯ ಕಾರಿನವರು ಪೆಟ್ರೋಲಿನ ನಳಿಗೆಗೆ ಬಟ್ಟೆ ಒಣಹಾಕುವ ಕಟ್ಟಿಗೆಯ ಚಿಮಟಿಗಳನ್ನು ಸಾಲಾಗಿ ಸಿಕ್ಕಿಸುತ್ತಿದ್ದರಂತೆ. ನಮ್ಮ ಒದ್ದೆ ಅರಿವಿಯೇ ಮೇಲು. ಕಟ್ಟಿಗೆ ಶಾಖವನ್ನು ಅಷ್ಟಾಗಿ ಹೀರದು. ನೀರು ಆರುವಾಗ ಶಾಖವನ್ನು ಕೊಂಡೊಯ್ಯುತ್ತದೆ. ನಮ್ಮ ಮಣ್ಣಿನ ಹರವಿಯ ನೀರು ತಂಪಾಗುವುದೂ ಇದೇ ನ್ಯಾಯದಿಂದ.

ಕೊಳವೆಯೊಳಗೆ ಹವೆ ಸಿಕ್ಕಿಕೊಳ್ಳುವ ತೊಡಕು ಈ ಊರಿಗೆ ಹೊಸದೇನೂ ಅಲ್ಲ. ಆದಿಲಶಾಹಿ ಅರಸರ ಕಾಲದಲ್ಲಿ ಇದೇ ತೊರವಿಯ ಕಡೆಯಿಂದ ನೆಲದೊಳಗಿನ ಸುರಂಗ ಕಾಲುವೆಯಲ್ಲಿ ನಗರಕ್ಕೆ ನೀರು ಬರುತ್ತಿತ್ತು. ದಾರಿಯುದ್ದಕ್ಕೂ ಗಾಳಿ-ಬೆಳಕಿಗೆಂದು ಬಾವಿಯಂಥ ಕಂಡಿಗಳನ್ನು ತೋಡಿದ್ದರು. 1651ರಲ್ಲಿ ಮಹಮ್ಮದ್ ಆದಿಲಶಾಹ ಕಟ್ಟಿಸಿದ ಬೇಗಂ ತಲಾಬಿನಿಂದ ಮಣ್ಣಿನ ಕೊಳವೆಗಳಲ್ಲಿ ನೀರು ಹರಿಯುತ್ತಿತ್ತು. ನಗರದಲ್ಲಿ ಅಲ್ಲಲ್ಲಿ ನಿಂತಿರುವ ‘ಗಂಜ್’ ಎಂಬ ಕಲ್ಲಿನ ಗೋಪುರಗಳನ್ನು ನೀವು ಕಂಡಿರಬಹುದು. 25ರಿಂದ 40 ಅಡಿ ಎತ್ತರದ ಆ ಗೋಪುರಗಳಿಗೆ ನೀರು ಏರಿ ಇಳಿಯುವಾಗ ಒತ್ತಡ ತಗ್ಗುತ್ತಿತ್ತು, ಕೊಳವೆ ಒಡೆಯುತ್ತಿರಲಿಲ್ಲ, ರಾಡಿ ತಳದಲ್ಲಿ ಉಳಿಯುತ್ತಿತ್ತು. ಮುಚ್ಚಿದ ಕೊಳವೆಗೆ ಉಸಿರಾಡಲು ಒಂದು ದಾರಿ ಬೇಕೆಂಬುದು ನಮ್ಮ ಹಿರಿಯರಿಗೆ ತಿಳಿದಿತ್ತು. ಮುಂದೆ ಎಷ್ಟೋ ಕಾರುಗಳಲ್ಲಿ ಹೆಚ್ಚಾದ ಪೆಟ್ರೋಲನ್ನೂ ಅದರೊಡನೆ ಆವಿಯನ್ನೂ ಟ್ಯಾಂಕಿಗೆ ಮರಳಿಸುವ ಇನ್ನೊಂದು ನಳಿಗೆ ಇಟ್ಟರಲ್ಲ, ಅದೂ ಇಂಥದೇ ಉಪಾಯ.

2000ದ ಏಪ್ರಿಲಿನಲ್ಲಿ ದೇಶದಾದ್ಯಂತ ಹೊಗೆಯ ನಿಯಮಗಳು ಬಿಗಿಯಾದವು. ಕಾರ್ಬೊರೇಟರ್ ಹಿಂದೆ ಸರಿದು ಎಂ.ಪಿ.ಎಫ್.ಐ. ಎಂಬ ಪಿಚಕಾರಿ ಪದ್ಧತಿ ಬಂತು. ಪಂಪು ಕೆಂಡದ ಮಗ್ಗುಲಿನಿಂದ ಎದ್ದು ಟ್ಯಾಂಕಿನೊಳಗೆ ಹೋಗಿ ಕೂತಿತು. ಮೊದಲು ಜಗ್ಗುತ್ತಿದ್ದದ್ದು ಈಗ ಒತ್ತಿ ಕಳಿಸತೊಡಗಿತು. ಜಗ್ಗಿದಾಗ ಒತ್ತಡ ಇಳಿದು ದ್ರವ ಬೇಗ ಕುದಿಯುತ್ತದೆ, ಒತ್ತಿದಾಗ ತಡವಾಗಿ ಕುದಿಯುತ್ತದೆ. ನಮ್ಮ ಕುಕ್ಕರಿನಲ್ಲಿ ನೀರು 100 ಡಿಗ್ರಿಗೆ ಬದಲು 120ರ ತನಕ ಹೋಗಿ ಬೇಳೆಯನ್ನು ಬೇಗ ಬೇಯಿಸುವುದೂ ಇದರಿಂದಲೇ. ಹೀಗೆ ವೇಪರ್ ಲಾಕ್ ಬಹುಮಟ್ಟಿಗೆ ಇತಿಹಾಸ ಸೇರಿತು.

ಆದರೆ ‘ಗರಂ ಆಗೈತಿ’ ಎಂಬ ಮಾತು ಸೇರಲಿಲ್ಲ. ಈಚೆಗೆ ನನ್ನ ತಂಗಿಯ ಮಗಳು ದಿನವೂ ಬಬಲೇಶ್ವರಕ್ಕೆ ಕೆಲಸಕ್ಕೆ ಹೋಗಿಬರುವ ಕಾರಿಗೆ ಇದೇ ಚಾಳಿ ಹತ್ತಿತು. ಒಂದು ಗ್ಯಾರೇಜಿನಲ್ಲಿ ಬ್ಯಾಟರಿ ಬದಲಿಸಿದರು. ಆಮೇಲೆ ಪೆಟ್ರೋಲ್ ಪಂಪು ಬದಲಿಸಿದರು. ಒಂದು ತಿಂಗಳ ಪಗಾರದ ಬಹುಪಾಲು ಕರಗಿತು, ರೋಗ ಹಾಗೆಯೇ ಉಳಿಯಿತು. ಕಾರಣ ಕೇಳಿದರೆ “ನಿಮಗ್ಯಾಕ ಅದೆಲ್ಲಾ ಬೇಕ್ರಿ ಮೇಡಂ” ಎಂಬ ಉತ್ತರ. ಮನೆಯಲ್ಲಿ, ಕಾರು ಬಿಟ್ಟು ಬಸ್ಸಿಗೆ ಹೋಗಲಿ ಎಂಬ ಮಾತೂ ಎದ್ದಿತು. ಬಸ್ಸಿಗೆ ಹೋದರೆ ಕೂಸಿನ ಶಾಲೆ ಬಿಡುವ ಹೊತ್ತಿಗೆ ಬರಲಾಗದು, ಬರಲಾಗದಿದ್ದರೆ ಕೆಲಸವನ್ನೇ ಬಿಡಬೇಕು. ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೆ ನೋಡಿ.

“ಹದಿನೈದು ದಿನ ಬರೆದಿಡು” ಎಂದೆ ನಾನು. ಹಾಲಿನ ಲೆಕ್ಕದ ವಹಿಯ ಹಿಂಬದಿಯಲ್ಲಿ ಅವಳು ಬರೆದಳು: ಎಷ್ಟು ಹೊತ್ತು ಓಡಿಸಿದೆ, ಎಷ್ಟು ನಿಮಿಷ ನಿಲ್ಲಿಸಿದೆ, ಸೆಲ್ಫ್ ಹೇಗೆ ತಿರುಗಿತು, ಕೀಲಿಯನ್ನು ಅರ್ಧ ತಿರುವಿದಾಗ ಹಿಂದಿನ ಸೀಟಿನ ಕೆಳಗೆ ಪಂಪಿನ ‘ಗುಂಯ್’ ದನಿ ಕೇಳಿತೇ, ವಾಸನೆ ಇತ್ತೇ. ನಿಲ್ಲಿಸಿದ್ದು ಹತ್ತರಿಂದ ಮೂವತ್ತು ನಿಮಿಷವಾದಾಗ ಮಾತ್ರ ತ್ರಾಸು ಎಂಬುದು ಎದ್ದು ಕಂಡಿತು. ಸೆಲ್ಫ್ ಚುರುಕು, ಪಂಪಿನ ದನಿ ಇದೆ, ವಾಸನೆ ಇಲ್ಲ. ಜೊತೆಗೆ ಅವಳದೇ ಒಂದು ಟಿಪ್ಪಣಿ: ಬೇರೆ ದಿನ ಸೆಲ್ಫ್ ಹೊಡೆಯುವಾಗ ಇಂಜಿನ್ ಸುತ್ತು ತೋರಿಸುವ ಮುಳ್ಳು ತುಸು ಅಲುಗುತ್ತದೆ, ತ್ರಾಸು ಕೊಟ್ಟ ದಿನ ಅಲುಗುವುದೇ ಇಲ್ಲ.

ಬೇರೊಬ್ಬ ಮಿಸ್ತ್ರಿ ಆ ಹಾಳೆ ಓದಿ ತಲೆದೂಗಿದ. ಇಂಜಿನ್ನಿನ ತಿರುಗಣೆಯನ್ನು ಕಂಡು ಕಂಪ್ಯೂಟರಿಗೆ ಸುದ್ದಿ ಮುಟ್ಟಿಸುವ ಕ್ರ್ಯಾಂಕ್ ಸೆನ್ಸರ್ ಎಂಬ ಪುಟ್ಟ ಸಾಮಾನಿದೆ. ಬಿಸಿಗೆ ಅದು ಮೂಕವಾದರೆ, ಇಂಜಿನ್ ತಿರುಗುತ್ತಿದೆ ಎಂಬುದೇ ಕಂಪ್ಯೂಟರಿಗೆ ತಿಳಿಯದು. ತಿಳಿಯದೆ ಕಿಡಿಯನ್ನೂ ಕೊಡದು, ಪೆಟ್ರೋಲನ್ನೂ ಚಿಮುಕಿಸದು. ಬಿಸಿಯಿದ್ದಾಗಲೇ ಮೀಟರ್ ಹಚ್ಚಿ ಖಚಿತ ಮಾಡಿಕೊಂಡು ಬದಲಿಸಿದ. ಪಂಪಿಗೆ ಕೊಟ್ಟ ದುಡ್ಡಿನ ಕಾಲುಭಾಗವೂ ಹತ್ತಲಿಲ್ಲ. ಅವಳು ಈಗಲೂ ಅದೇ ಕಾರಿನಲ್ಲಿ ಬಬಲೇಶ್ವರಕ್ಕೆ ಹೋಗಿಬರುತ್ತಾಳೆ.

ಎಲ್ಲ ಕಾರಿಗೂ ಇದೇ ರೋಗವೆಂದಲ್ಲ. ನಿಲ್ಲಿಸಿದೊಡನೆ ನಳಿಗೆಯ ಒತ್ತಡ ಸೋರಿಹೋಗುವುದುಂಟು. ಅಂಥ ಗಾಡಿ ಕೀಲಿಯನ್ನು ಎರಡು-ಮೂರು ಸಲ ಅರ್ಧ ತಿರುವಿ ಪಂಪಿಗೆ ಅವಕಾಶ ಕೊಟ್ಟರೆ ಚಾಲೂ ಆಗುತ್ತದೆ. ಬಿಸಿ ಅಳೆಯುವ ಸೆನ್ಸರ್ ಸುಳ್ಳು ಹೇಳಿ, ಕಾದ ಇಂಜಿನ್ನನ್ನು ತಣ್ಣಗಿದೆಯೆಂದು ತೋರಿಸಿ ಅಜೀರ್ಣ ಮಾಡಿಸುವುದೂ ಉಂಟು. ಹಳೆಯ ಕಾರ್ಬೊರೇಟರಿನ ಗಾಡಿ ಇಟ್ಟುಕೊಂಡವರಿಗೆ ಇನ್ನೊಂದು ಮಾತು. ಪೆಟ್ರೋಲಿಗೆ ಎಥನಾಲ್ ಬೆರೆಸುವುದು 2022ರಲ್ಲಿ ಶೇಕಡಾ 10ಕ್ಕೆ ಮುಟ್ಟಿ, 2025ರಲ್ಲಿ 20ರ ಗುರಿ ತಲುಪಿತು. ಎಥನಾಲ್ ಬೆರೆತ ಪೆಟ್ರೋಲು ತುಸು ಬೇಗ ಆವಿಯಾಗುತ್ತದೆ, ಹಳೆಯ ರಬ್ಬರ್ ನಳಿಗೆಗಳನ್ನೂ ಕೆಡಿಸುತ್ತದೆ. ಕೃಷ್ಣೆಯ ದಡದ ನಮ್ಮ ಕಬ್ಬೇ ಹೀಗೆ ತಿರುಗಿ ನಮ್ಮ ಟ್ಯಾಂಕಿಗೆ ಬರುತ್ತಿದೆ. ಒದ್ದೆ ಅರಿವಿಯ ಕಾಲ ಪೂರ್ತಿ ಮುಗಿಯಿತೆನ್ನಲು ಬಾರದು.

ಬರ್ತಾ ಬೆಂಜ್ ತವರಿಗೆ ಹೋಗಿ ಮುಟ್ಟಿದ್ದನ್ನು ಎಲ್ಲರೂ ಹೇಳುತ್ತಾರೆ. ಮರಳಿ ಬಂದ ಮೇಲಿನದನ್ನು ಹೇಳುವವರು ಕಡಿಮೆ. ದಾರಿಯಲ್ಲಿ ಏರು ಬಂದಾಗ ಗಾಡಿ ಹತ್ತಲಾರದೆ ಹುಡುಗರು ಇಳಿದು ದಬ್ಬಬೇಕಾಗಿತ್ತು. ಏರಿಗೆಂದೇ ಇನ್ನೊಂದು ಗಿಯರ್ ಬೇಕೆಂದು ಅವಳು ಗಂಡನಿಗೆ ಹೇಳಿದಳು. ಗಾಡಿ ಕಟ್ಟಿದವನು ಅವನು. ಆದರೆ ಆ ಏರನ್ನು ಹತ್ತಿದವಳು ಅವಳು. ಅವನು ಅವಳ ಮಾತು ಕೇಳಿ ಗಿಯರ್ ಕೂಡಿಸಿದ.